ರೇಡಿಯೋ ಮಾಮನ ಕಾಯಿಲೆ

ಮನೆಯಿಂದ ಯಾವ ಸಾಮಾನು ಹೊರಗೆ ಹೋಗುವುದಿದ್ದರೂ ಅದನ್ನು ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವ ಅಭ್ಯಾಸ ನನಗಿದೆ. ಮೊನ್ನೆ ಹಳೆಯ ಮಿಕ್ಸಿಯನ್ನು ಗುಜರಿಯವನಿಗೆ ಕೊಡುವಾಗಲೂ ಅಲ್ಲಾಡಿಸಿದೆ. ಅವನು ನನ್ನನ್ನೂ ಮಿಕ್ಸಿಯನ್ನೂ ಒಂದೇ ದೃಷ್ಟಿಯಲ್ಲಿ ಅಳೆದು, "ಏನ್ ಸ್ವಾಮಿ, ಒಳಗೆ ಬಂಗಾರ ಇಟ್ಟಿದ್ರಾ?" ಎಂದ. "ಇಲ್ಲಪ್ಪ, ಸುಮ್ನೆ" ಎಂದೆ. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಮಂಗಳ, "ಆವತ್ತೂ ಅಲ್ಲಾಡಿಸಿದ್ರಿ. ಅಲ್ಲಾಡಿಸಿ ಏನ್ ತಿಳ್ಕೊಂಡ್ರಿ?" ಎಂದು ಕೇಳಿ ಒಳಗೆ ಹೋದಳು.

ನ್ಯಾಯವಾದ ಪ್ರಶ್ನೆ. ಉತ್ತರ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ತುಮಕೂರಿನ ಚಿಕ್ಕಪೇಟೆಯಲ್ಲಿ ನಮ್ಮದೊಂದು ಬಾಡಿಗೆ ಮನೆ. ಒಂದು ಹಜಾರ, ಒಂದು ಕೋಣೆ, ಹಜಾರಕ್ಕೆ ಅಂಟಿಕೊಂಡ ಅಡುಗೆಮನೆ, ಹಿಂದೆ ಬಚ್ಚಲು. ಅದರಲ್ಲಿ ನಾನು, ಮಂಗಳ, ಮತ್ತು ಎರಡು ವರ್ಷದ ಮಗಳು. ಮಗಳಿಗೆ ಶಾಂತಲಾ ಎಂದು ಹೆಸರಿಟ್ಟಿದ್ದೆವು. ಪ್ರೂಫ್ ನೋಡದೆ ಅಚ್ಚಿಗೆ ಹೋದ ತಪ್ಪುಗಳಲ್ಲಿ ಅದೂ ಒಂದು. ಅವಳ ಪ್ರಪಂಚದಲ್ಲಿ ವಸ್ತುಗಳು ಎರಡೇ ಬಗೆ: ತೂತಿರುವವು ಮತ್ತು ತೂತಿನಲ್ಲಿ ಹಿಡಿಸುವವು. ನನ್ನ ಶೂಗಳಲ್ಲಿ ಅವರೆಕಾಳು ಸಿಗುತ್ತಿತ್ತು. ಒಮ್ಮೆ ಪೆನ್ನಿನ ಕ್ಯಾಪು ಕಾಫಿ ಫಿಲ್ಟರಿನೊಳಗೆ ಹೋಗಿತ್ತು. ಕಾಫಿ ಕುಡಿದು, ಇದರಲ್ಲಿ ಶಾಯಿಯ ವಾಸನೆ ಇದೆ ಎಂದೆ. ಆಫೀಸಿನ ಭ್ರಮೆ ಮನೆಗೆ ತರಬೇಡಿ ಎಂದು ಮಂಗಳ ಹೇಳಿದಳು. ನಾನೂ ಒಪ್ಪಿಕೊಂಡು ಪೂರ್ತಿ ಕುಡಿದೆ.

ಮಗು ಏನಾದರೂ ಜಾಣತನ ತೋರಿಸಿದ ದಿನ ಅದು ನಮ್ಮ ಗುಬ್ಬಿಯ ಕಡೆಯದು. ಏನಾದರೂ ಒಡೆದ ದಿನ ಮಂಗಳನ ತವರಾದ ಕುಣಿಗಲ್ಲಿನದು. ಇದು ನನ್ನ ಅಮ್ಮನ ತೀರ್ಮಾನ. "ಕುಣಿಗಲ್ ಕುದುರೆ ಕಣೋ ಇದು, ಲಗಾಮಿಲ್ಲ" ಎನ್ನುತ್ತಿದ್ದಳು. ಸೊಸೆ ಅಡುಗೆಮನೆಯಿಂದಲೇ, "ಕುದುರೆಗೆ ಲಗಾಮು ಹಾಕೋಕೆ ಗಂಡಸರು ಪೇಪರ್ ಕೆಳಗಿಡ್ಬೇಕಲ್ಲತ್ತೆ" ಎಂದು ಉತ್ತರಿಸುತ್ತಿದ್ದಳು. ಇಬ್ಬರ ಬಾಣವೂ ಕೊನೆಗೆ ನನ್ನ ಹತ್ತಿರವೇ ಬಂದು ಬೀಳುತ್ತಿತ್ತು.

ಅದಕ್ಕೆ ಕಾರಣವಿತ್ತು. ನಾನು ಊರಿನ ಒಂದು ಸಣ್ಣ ದಿನಪತ್ರಿಕೆಯಲ್ಲಿ ವರದಿಗಾರ. ನಾನು ಸೇರಿದ ಮೊದಲ ದಿನವೇ ನಮ್ಮ ಸಂಪಾದಕರು ಹೇಳಿದ್ದರು: "ನೋಡಿದ್ದನ್ನ ಬರಿ. ಊಹೆ ಮಾಡ್ಬೇಡ. ನಡುವೆ ಕೈ ಹಾಕ್ಬೇಡ." ಈ ಪಾಠದ ಮೊದಲ ಮತ್ತು ಕೊನೆಯ ಭಾಗವನ್ನು ನಾನು ಮನೆಯಲ್ಲೂ ಶಿಸ್ತಿನಿಂದ ಪಾಲಿಸುತ್ತಿದ್ದೆ. ಮಗು ಮಣೆಯ ಮೇಲೆ ಹತ್ತಿ ರಾಗಿಹಿಟ್ಟಿನ ಡಬ್ಬ ಎಳೆದುಕೊಂಡ ದಿನ, ಯಾವ ಕಾಲು ಮೊದಲು ಇಟ್ಟಿತು, ಡಬ್ಬ ಯಾವ ಕಡೆ ವಾಲಿತು, ಮುಚ್ಚಳ ಉರುಳಿ ಎಲ್ಲಿ ನಿಂತಿತು ಎಂಬುದನ್ನೆಲ್ಲ ಮಂಗಳನಿಗೆ ಕ್ರಮವಾಗಿ ವಿವರಿಸಿದೆ. ಅವಳು ಹಿಟ್ಟಿನ ನಡುವೆ ನಿಂತು ಪೂರ್ತಿ ಕೇಳಿಸಿಕೊಂಡು, "ಇಷ್ಟೆಲ್ಲ ನೋಡ್ತಾ ಕೂತಿದ್ರಾ?" ಎಂದಳು. ಆ ಪ್ರಶ್ನೆಯಲ್ಲಿ ಮೆಚ್ಚುಗೆ ಇಲ್ಲ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಕುಣಿಗಲ್ಲಿನಲ್ಲಿ ಇನ್ನೊಂದು ನಡೆಯಿತು. ಹಬ್ಬಕ್ಕೆ ಮಾವನ ಮನೆಗೆ ಹೋಗಿದ್ದಾಗ ಮಗು ಹೊರಚಿಲಕ ಎಂಬ ವಸ್ತುವನ್ನು ಕಂಡುಹಿಡಿಯಿತು. ನಾನು ಬಚ್ಚಲಲ್ಲಿದ್ದೆ. ಟವೆಲು ಸುತ್ತಿಕೊಂಡು ಗವಾಕ್ಷಿಯಿಂದ ಎಷ್ಟು ಕೂಗಿದರೂ, ಹಬ್ಬದ ಮನೆಯ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಹೋಳಿಗೆ ಊಟಕ್ಕೆ ಕುಳಿತಾಗ ಮಾವನವರು, "ಅಳಿಯಂದಿರು ಎಲ್ಲಿ?" ಎಂದರಂತೆ. ಮಂಗಳ ಆರಾಮವಾಗಿ, "ಎಲ್ಲೋ ನಿಂತ್ಕೊಂಡು ಏನೋ ನೋಡ್ತಿರ್ತಾರೆ, ಬಡ್ಸಿ" ಎಂದಳಂತೆ. ನಾನು ನಿಜವಾಗಿಯೂ ನಿಂತುಕೊಂಡೇ ಇದ್ದೆ. ನೋಡಲು ಗೋಡೆಯ ಮೇಲೊಂದು ಹಲ್ಲಿ ಬಿಟ್ಟರೆ ಬೇರೇನೂ ಇರಲಿಲ್ಲ.

ಈಗ ರೇಡಿಯೋದ ವಿಷಯ. ಮದುವೆಯಲ್ಲಿ ಮಾವನವರು ಕೊಟ್ಟ ಗಾಜಿನ ವಾಲ್ವುಗಳ ದೊಡ್ಡ ರೇಡಿಯೋ ಹಜಾರದ ಮೂಲೆಯಲ್ಲಿ ಒಂದು ಗಿಡ್ಡ ಸ್ಟೂಲಿನ ಮೇಲಿತ್ತು. ಅದಕ್ಕೆ ಹಿಂಭಾಗದ ರಟ್ಟು ಇರಲಿಲ್ಲ. ಹಿಂದಿನ ಸಲ ರಿಪೇರಿಗೆ ಕೊಟ್ಟಾಗ, ತುಮಕೂರಿನ ಗುಬ್ಬಿ ಗೇಟಿನ ಹತ್ತಿರ ರೇಡಿಯೋ ಅಂಗಡಿ ಇಟ್ಟಿದ್ದ ಅನ್ವರ್ ಅದನ್ನು ಮತ್ತೆ ಹಾಕಲಿಲ್ಲ. ಕೇಳಿದರೆ, "ಗಾಳಿ ಆಡ್ಲಿ ಬಿಡಿ ಸಾರ್, ಅದಕ್ಕೂ ಸೆಕೆ ಆಗಲ್ವಾ?" ಎಂದ. ರಟ್ಟು ಕಳೆದುಹೋಗಿದೆ ಎಂಬುದಕ್ಕೆ ಅದು ಅವನ ಭಾಷೆ.

ಮಗು ಊಟ ಮಾಡದೆ ಹಟ ಮಾಡುವಾಗ ನಾನು ಒಂದು ಉಪಾಯ ಮಾಡಿದ್ದೆ. ರೇಡಿಯೋದ ಒಳಗೆ ಒಬ್ಬ ಮಾಮ ಇದ್ದಾನೆ, ಅವನು ಊಟ ಮಾಡಿದ್ದಕ್ಕೇ ಅಷ್ಟು ಚೆನ್ನಾಗಿ ಮಾತಾಡುತ್ತಾನೆ ಎಂದಿದ್ದೆ. ಊಹೆಯನ್ನು ಬರೆಯಬಾರದು ಎಂದು ಸಂಪಾದಕರು ಹೇಳಿದ್ದರೇ ಹೊರತು ಹೇಳಬಾರದು ಎಂದಿರಲಿಲ್ಲ. ಮಗು ನಂಬಿತು. ನಂಬಿದ ಮೇಲೆ ಮಾಮನ ಊಟದ ಜವಾಬ್ದಾರಿಯನ್ನೂ ವಹಿಸಿಕೊಂಡಿತು. ಸ್ಟೂಲಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ನುಸುಳಿ, ಒಂದೊಂದೇ ಕಡ್ಲೆಪುರಿ, ಒಂದೊಂದು ಚೂರು ಬೆಲ್ಲ ಒಳಗೆ ಹಾಕುತ್ತಿತ್ತು. ಇದು ನಮಗೆ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಇಷ್ಟೇ: ಒಂದು ದಿನ ಪ್ರದೇಶ ಸಮಾಚಾರದ ನಡುವೆ ಮಾಮ ಗೊರಗೊರ ಎಂದು ಕೆಮ್ಮಿ ಸುಮ್ಮನಾದ. ನಾನು ವೋಲ್ಟೇಜು ಎಂದು ಘೋಷಿಸಿದೆ. ಆ ಕಾಲದಲ್ಲಿ ಮನೆಯಲ್ಲಿ ಏನು ಕೆಟ್ಟರೂ ಅದು ವೋಲ್ಟೇಜೇ.

ಆ ವಾರ ಅಮ್ಮ ಗುಬ್ಬಿಯಿಂದ ಬಂದಿದ್ದಳು. ಅಲ್ಲಿ ಅಣ್ಣನ ಮನೆಯಲ್ಲಿ ಅವಳ ವಾಸ. ಮೊಮ್ಮಗಳ ನೆನಪಾದಾಗಲೆಲ್ಲ ರೈಲು ಹತ್ತಿ ಬಂದುಬಿಡುತ್ತಿದ್ದಳು. ಅಮ್ಮನ ಕೊರಳಲ್ಲಿ ಶಿವದಾರ, ಅದರಲ್ಲಿ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಅವಳ ಇಷ್ಟಲಿಂಗ. ಅವಳು ತೊಟ್ಟಿಲಲ್ಲಿದ್ದಾಗ ಗುರುಗಳು ಕಟ್ಟಿದ್ದು. ಅಂದಿನಿಂದ ಮೈಬಿಟ್ಟು ಇಳಿದದ್ದಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುವವರೆಗೆ ಅಮ್ಮ ಬಾಯಿಗೆ ಒಂದು ಹನಿ ನೀರೂ ಹಾಕುತ್ತಿರಲಿಲ್ಲ. ಮಗು ಬಿದ್ದು ಹಣೆ ಉಬ್ಬಿಸಿಕೊಂಡಾಗ, "ಉವ್ವಾ ಆಯ್ತಾ? ಬಾ" ಎಂದು ಆ ಕರಡಿಗೆಯನ್ನು ಉಬ್ಬಿದ ಜಾಗಕ್ಕೆ ಒತ್ತಿ, "ವಾಸಿ ಆಯ್ತು, ಹೋಗು" ಎನ್ನುತ್ತಿದ್ದಳು. ಬೆಳ್ಳಿಯ ತಣ್ಣನೆಯ ಸ್ಪರ್ಶಕ್ಕೋ ಏನೋ, ಮಗು ಅಳು ನಿಲ್ಲಿಸುತ್ತಿತ್ತು. ನೋವಾದರೆ ಉವ್ವಾ, ಉವ್ವಾ ಆದರೆ ಅಜ್ಜಿಯ ಕರಡಿಗೆ. ನಾನು ಇದನ್ನು ಎಷ್ಟೋ ಸಲ ನೋಡಿದ್ದೆ. ನೋಡುವುದು ನನ್ನ ಕೆಲಸ.

ಆ ಬೆಳಿಗ್ಗೆ ಅಮ್ಮ ಸ್ನಾನ ಮುಗಿಸಿ, ಪೂಜೆಗೆ ಮೊದಲು ಹಜಾರದಲ್ಲಿ ಕುಳಿತು ಹೊಸ ಶಿವದಾರ ಹೊಸೆಯುತ್ತಿದ್ದಳು. ಹಳೆಯದನ್ನು ಮಗು ಅವಳ ಮಡಿಲಲ್ಲಿ ಮಲಗಿಕೊಂಡು ಅಗಿದು ಅಗಿದು ಎಳೆ ಬಿಡಿಸಿಬಿಟ್ಟಿತ್ತು. ನೂಲಿನ ಒಂದು ತುದಿ ಕಾಲಿನ ಹೆಬ್ಬೆರಳಿಗೆ, ಇನ್ನೊಂದು ಕೈಯಲ್ಲಿ, ಕರಡಿಗೆ ಮಡಿಲಲ್ಲಿ, ಮಗು ಪಕ್ಕದಲ್ಲಿ. ಮಂಗಳ ಹಿಂದೆ ಬಟ್ಟೆ ಒಗೆಯುತ್ತಿದ್ದಳು. ನಾನು ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಪೇಪರ್ ಓದುತ್ತಿದ್ದೆ. ಒಂದು ಶಬ್ದ ಕೇಳಿ ತಿರುಗಿ ನೋಡಿದರೆ, ಬತ್ತಿ ಸ್ಟವ್ವಿನ ಮೇಲೆ ಹಾಲು ಏರುತ್ತಿತ್ತು. ನಾನು ಸ್ಪಷ್ಟವಾದ ದನಿಯಲ್ಲಿ ಹೇಳಿದೆ:

"ಅಮ್ಮಾ, ಹಾಲು ಉಕ್ತಾ ಇದೆ."

ನನಗೂ ಸ್ಟವ್ವಿಗೂ ನಡುವೆ ಮೂರು ಹೆಜ್ಜೆ. ಅಮ್ಮ ಅದರ ಎರಡರಷ್ಟು ದೂರದಲ್ಲಿ, ಕಾಲಿಗೆ ದಾರ ಕಟ್ಟಿಕೊಂಡು ಕುಳಿತಿದ್ದಳು. ಆದರೂ ಎದ್ದವಳು ಅವಳೇ. ಮಡಿಲಿನ ಕರಡಿಗೆಯನ್ನು ಪಕ್ಕದ ತಾಮ್ರದ ತಟ್ಟೆಯಲ್ಲಿಟ್ಟು, "ಅಯ್ಯೋ ನಿನ್ನ, ನೋಡ್ಕೊಂಡ್ ಕೂತವ್ನೆ" ಎನ್ನುತ್ತಾ ಓಡಿದಳು. ಹಿಂದಿನಿಂದ ಮಂಗಳನೂ ಒದ್ದೆ ಕೈಯಲ್ಲಿ ಬಂದಳು. ಹಾಲು ನೆಲಕ್ಕೆ ಬಂದಿತ್ತು. ಇಬ್ಬರೂ ಒರೆಸುತ್ತಾ ನನ್ನ ಹೆಸರನ್ನು ಬಳಸತೊಡಗಿದರು. ಹಾಗಿರುವಾಗ ಮನೆಯಿಂದ ಹೊರಗಿರುವುದೇ ವಿವೇಕ ಎನಿಸಿ, ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದೆ. ಬಾಕಿ ಇದ್ದ ರೇಡಿಯೋ ರಿಪೇರಿ ನೆನಪಾಯಿತು. ಎತ್ತಿದೆ. ಒಳಗೆ ಏನೋ ಗಡಗಡ ಎಂದಿತು. ಅಲ್ಲಾಡಿಸಿದೆ. ಮತ್ತೆ ಗಡಗಡ. ವಾಲ್ವ್ ಸಡಿಲವಾಗಿದೆ ಎಂದು ತೀರ್ಮಾನಿಸಿ, ಸೈಕಲ್ಲಿನ ಕ್ಯಾರಿಯರಿಗೆ ಹಗ್ಗ ಹಾಕಿ ಬಿಗಿದು ಹೊರಟೆ.

ಅನ್ವರನಿಗೂ ಅದನ್ನೇ ಹೇಳಿದೆ. "ವಾಲ್ವ್ ಸಡಿಲ ಆಗಿದೆ, ನಾನು ಕೇಳಿಸ್ಕೊಂಡಿದೀನಿ."

"ಡಾಕ್ಟ್ರು ನೀವೋ ನಾನೋ ಸಾರ್?" ಎಂದು ಅವನು ರೇಡಿಯೋವನ್ನು ಬೆಂಚಿನ ತುದಿಗೆ ಸರಿಸಿದ. ಅಲ್ಲಿ ಆಗಲೇ ಊರಿನ ಅರ್ಧ ರೇಡಿಯೋಗಳು ಮಲಗಿದ್ದವು. "ಬರೋ ವಾರ ಬನ್ನಿ."

ದಾರಿಯಲ್ಲಿ ಇಬ್ಬರು ಪರಿಚಯದವರು ಸಿಕ್ಕಿ ಮಾತು ಬೆಳೆದು ಮನೆಗೆ ಬರುವಷ್ಟರಲ್ಲಿ ಬಿಸಿಲೇರಿತ್ತು. ಹಜಾರದಲ್ಲಿ ಪಾತ್ರೆ, ಹಾಸಿಗೆ, ಡಬ್ಬಗಳೆಲ್ಲ ಮಗುಚಿಕೊಂಡು ಬಿದ್ದಿದ್ದವು. ಅಮ್ಮ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಳು. ಅವಳ ಕೊರಳೂ ಮಡಿಲೂ ಬರಿದಾಗಿದ್ದವು. ಅವಳನ್ನು ಹಾಗೆ ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಕರಡಿಗೆ ಕಾಣ್ತಿಲ್ಲ ಕಣ್ರೀ," ಎಂದಳು ಮಂಗಳ. ಅವಳ ಮುಖ ಬಿಳಿಚಿಕೊಂಡಿತ್ತು. "ತಟ್ಟೇಲಿಟ್ಟಿದ್ರು. ಇವ್ಳೇ ಎಲ್ಲೋ ಹಾಕವ್ಳೆ. ಕೇಳಿದ್ರೆ ಮೂಲೆ ತೋರಿಸ್ತಾಳೆ, ಅಳ್ತಾಳೆ."

ನಾನು ಪತ್ರಕರ್ತನಾಗಿ ಕೆಲಸಕ್ಕೆ ಇಳಿದೆ. ಕೊನೆಯದಾಗಿ ಕಂಡದ್ದು ಯಾವಾಗ, ಯಾರು, ಎಲ್ಲಿ? ಆಗ ಬಾಗಿಲು ತೆರೆದಿತ್ತೋ ಮುಚ್ಚಿತ್ತೋ? ಮಂಗಳ ಉತ್ತರ ಕೊಡುತ್ತಾ ಕೊಡುತ್ತಾ, "ಏಳೋದು ಬಿಟ್ಟು ಹಾಲು ಉಕ್ತಾ ಇದೆ ಅಂದೋರು ಯಾರು, ಅದನ್ನೂ ಬರ್ಕೊಳಿ" ಎಂದಳು. ಆ ಎಳೆಯನ್ನು ನಾನು ಮುಂದುವರಿಸಲಿಲ್ಲ. ಬಚ್ಚಲಿನ ಕಿಂಡಿಗೆ ಕೈ ಹಾಕಿದೆ. ರಾಗಿಯ ಮೂಟೆಯನ್ನು ಸುರಿದೆ. ಮಗು ನುಂಗಿರಬಹುದೇ ಎಂಬ ಸಂಶಯವನ್ನೂ ಮುಂದಿಟ್ಟೆ. ಕರಡಿಗೆ ನಿಂಬೆಹಣ್ಣಿನ ಗಾತ್ರದ್ದು ಎಂದು ಮಂಗಳ ನೆನಪಿಸಿದಳು. ಹೂವು ಕೊಡಲು ಬಂದ ಹೆಂಗಸನ್ನು ಹೆಸರಿಸಲು ಬಾಯಿ ತೆರೆದೆ. ಅಮ್ಮ ಗೋಡೆಯ ಕಡೆಯಿಂದಲೇ, "ಬಡವರ ಮೇಲೆ ಹೇಳ್ಬೇಡ. ಕೆಳಗಿಟ್ಟೋಳು ನಾನು" ಎಂದಳು.

ಸಾಕ್ಷಿಯೊಬ್ಬಳು ಅಲ್ಲೇ ಇದ್ದಳು. ನನ್ನ ಪಂಚೆ ಎಳೆದು, ಖಾಲಿ ಸ್ಟೂಲಿನ ಕಡೆ ಬೆರಳು ಮಾಡಿ, "ಮಾಮ! ಮಾಮ!" ಎನ್ನುತ್ತಲೇ ಇದ್ದಳು. "ಮಾಮ ರಿಪೇರಿಗೆ ಹೋಗವ್ನೆ, ಸುಮ್ನಿರಮ್ಮ" ಎಂದು ನಾನು ಅವಳನ್ನು ಎತ್ತಿ ಪಕ್ಕಕ್ಕೆ ಕೂರಿಸಿದೆ. ತನಿಖೆಗೆ ಅಡ್ಡಿಯಾಗುತ್ತಿತ್ತು.

ಮಧ್ಯಾಹ್ನವಾಯಿತು. ಅಮ್ಮ ನೀರು ಮುಟ್ಟಲಿಲ್ಲ. ಅತ್ತೆ ಉಪವಾಸವಿರುವಾಗ ಸೊಸೆ ಉಣ್ಣುವುದಿಲ್ಲ. ಸೊಸೆ ಉಣ್ಣದ ಮನೆಯಲ್ಲಿ ಮಗನಿಗೆ ಬಡಿಸುವವರಿಲ್ಲ. ತುಪ್ಪ ಕಲಸಿದ ಅನ್ನ ಉಂಡು, ತೇಗಿ, ನಿದ್ದೆಯನ್ನೂ ಮಾಡಿ ಎದ್ದದ್ದು ಆರೋಪಿ ಒಬ್ಬಳೇ. ನಾನು ಆಫೀಸಿಗೆ ಬರುವುದಿಲ್ಲ ಎಂದು ಹೇಳಿಕಳಿಸಿದೆ. ಅಮ್ಮನ ತುಟಿ ಒಣಗಿ ಬಿಳಿಯಾಗಿತ್ತು. ಕುಳಿತಲ್ಲೇ ಒಮ್ಮೆ ವಾಲಿ, ಗೋಡೆಗೆ ಕೈ ಕೊಟ್ಟಳು. ನನಗೆ ಹೆದರಿಕೆಯಾಯಿತು.

"ಅಮ್ಮ, ಗುಬ್ಬಿಗೆ ಹೋಗಿ ಗುರುಗಳನ್ನ ಕೇಳಿ ಹೊಸದೊಂದು ತಂದ್ಬಿಡ್ತೀನಿ. ಸಂಜೆ ರೈಲಿದೆ."

ಅವಳು ಆಗ ಮೊದಲ ಬಾರಿ ನನ್ನ ಕಡೆ ತಿರುಗಿದಳು.

"ಇವತ್ತು ನಿನ್ ಮಗ್ಳು ಕಳ್ದೋಗಿದ್ರೆ, ಹೊಸ್ದು ತರ್ತಿದ್ದೇನ್ಲಾ?"

ಅವಳ ಕೈ ಬರಿದಾದ ಕೊರಳಿಗೆ ಹೋಯಿತು.

"ತೊಟ್ಟಿಲಲ್ಲಿ ಬಂದಿದ್ದು ಕಣೋ ರುದ್ರ. ಮಣ್ಣಿಗೂ ಜೊತೇಲೇ ಬರ್ಬೇಕು. ನಿಮ್ಮಪ್ಪ ನಡುವೆ ಬಂದ್ರು, ನಡುವೆ ಹೋದ್ರು. ನೀವುಗಳೂ ನಡುವೆ ಬಂದೋರೇ. ಅದೊಂದೇ ಮೊದ್ಲಿಂದ ಇದ್ದಿದ್ದು." ಮತ್ತೆ ಗೋಡೆಗೆ ತಿರುಗಿದಳು. "ಬುಡು. ಸಿಕ್ಕೋವರ್ಗೂ ಹಿಂಗೇ ಇರ್ತೀನಿ."

ಮಂಗಳ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಆಗಲೇ ಎರಡು ಸಲ ಸುರಿದಿದ್ದ ರಾಗಿಯನ್ನು ಮತ್ತೆ ಸುರಿದು, ಬೆರಳಿನಿಂದ ಕೆದಕುತ್ತಾ ಕುಳಿತೆ.

ಬಿಸಿಲು ಇಳಿಯುವ ಹೊತ್ತಿಗೆ ಬಾಗಿಲಲ್ಲಿ, "ಪೇಪರ್ ಸಾರ್!" ಎಂಬ ಕೂಗು. ಅನ್ವರ್ ನಿಂತಿದ್ದ. ಎರಡು ಕೈಯಲ್ಲೂ ನಮ್ಮ ರೇಡಿಯೋವನ್ನು ಎದೆಗೆ ಅವಚಿಕೊಂಡಿದ್ದ. ಅದರ ಮೇಲೆ ಒಗೆದ ಬಿಳಿಯ ಬಟ್ಟೆ ಹೊದಿಸಿತ್ತು. ಮುಖವೆಲ್ಲ ಬೆವರು. ಚಪ್ಪಲಿ ಬೀದಿಯಲ್ಲೇ ಬಿಟ್ಟಿದ್ದ.

"ಏನಪ್ಪಾ, ಬರೋ ವಾರ ಅಂದಿದ್ದೆ?"

"ಎಲ್ಲಿಯ ಬರೋ ವಾರ ಸಾರ್! ನಿಮ್ಮ ರೇಡಿಯೋ ಒಳಗಿಂದ ಇರುವೆ ಮೆರವಣಿಗೆ ಹೊರಟು, ಬೆಂಚಿಡೀ ದಾಟಿ, ನನ್ನ ಚಾಯ್ ಒಳಗೆ ಬಂದು ಬಿದ್ವು. ಏನಪ್ಪಾ ಅಂತ ಟಾರ್ಚ್ ಬಿಟ್ಟು ನೋಡಿದ್ರೆ, ಒಳಗೆ ಪುರಿ ಅಂಗಡಿ. ಬೆಲ್ಲ. ಅದರ ಮಧ್ಯ..." ಅವನು ತಡೆದು, ದನಿ ತಗ್ಗಿಸಿದ. "ಅಮ್ಮಾವ್ರು ಇದಾರಾ? ನಾನು ಮುಟ್ಟಿಲ್ಲ ಸಾರ್. ನಿಮ್ಮೋರ ಲಿಂಗ, ನಾವು ಮುಟ್ಟಬಹುದೋ ಬಾರದೋ ಗೊತ್ತಿಲ್ಲ. ಎಲ್ಲಿತ್ತೋ ಅಲ್ಲೇ ಇದೆ. ಸೈಕಲ್ ಮೇಲೆ ಇಟ್ರೆ ಕುಲುಕುತ್ತೆ ಅಂತ ನಡ್ಕೊಂಡೇ ಬಂದೆ."

ಗುಬ್ಬಿ ಗೇಟಿನಿಂದ ಚಿಕ್ಕಪೇಟೆಯವರೆಗೆ, ಆ ಕಬ್ಬಿಣದಷ್ಟು ಭಾರದ ರೇಡಿಯೋವನ್ನು ಅವನು ಹಾಗೆ ಹೊತ್ತು ತಂದಿದ್ದ. ಬೆಳಿಗ್ಗೆ ಅದೇ ದಾರಿಯಲ್ಲಿ ನಾನು ಅದನ್ನು ಹಗ್ಗದಲ್ಲಿ ಬಿಗಿದು, ಗುಂಡಿ ಬಿದ್ದಲ್ಲೆಲ್ಲ ಹಾರಿಸಿಕೊಂಡು, ಒಳಗಿನ ಶಬ್ದವನ್ನು ಗಮನಿಸುತ್ತಾ ಹೋಗಿದ್ದೆ.

ಅಮ್ಮ ಎದ್ದು ಬಂದಳು. ಅನ್ವರ್ ರೇಡಿಯೋವನ್ನು ಅವಳ ಮುಂದೆ ಇಳಿಸಿ, ಹಿಂಭಾಗವನ್ನು ಅವಳ ಕಡೆ ತಿರುಗಿಸಿ, ದೂರ ಸರಿದು ನಿಂತ. ಅವಳು ಬಗ್ಗಿ ನೋಡಿದಳು. ಪುರಿಯ ನಡುವೆ ಕೈ ಹಾಕಿ ಕರಡಿಗೆಯನ್ನು ಎತ್ತಿ, ಇರುವೆಗಳನ್ನು ಊದಿ, ಎರಡೂ ಕಣ್ಣಿಗೆ ಒತ್ತಿಕೊಂಡಳು.

ಮಗು ಓಡಿಬಂದು ರೇಡಿಯೋದ ತಲೆ ತಟ್ಟಿತು. "ಮಾಮ ಉವ್ವಾ," ಎಂದಿತು. ಆಮೇಲೆ ಅಜ್ಜಿಯ ಕೈ ಎಳೆದು, ಕರಡಿಗೆಯನ್ನು ತೋರಿಸಿ, "ವಾಸಿ?" ಎಂದು ಕೇಳಿತು.

ಮೊದಲು ಅರ್ಥವಾದದ್ದು ಅಮ್ಮನಿಗೆ. "ಅಯ್ಯೋ ನನ್ ಕಂದಾ," ಎಂದು ಅವಳು ಒಣಗಿದ ತುಟಿಯಲ್ಲಿ ನಕ್ಕಳು. "ಲೋ ರುದ್ರ, ರೇಡಿಯೋಗೆ ಹುಷಾರಿಲ್ಲ ಅಂತ ಔಷಧಿ ಹಾಕವ್ಳೆ ಕಣೋ! ನಾನು ಇವ್ಳಿಗೆ ಒತ್ತಲ್ವಾ, ಹಂಗೆ!"

"ಮಗು ಗುಬ್ಬಿ ಕಡೇದು" ಎಂದಳು ಮಂಗಳ, ಮುಖದಲ್ಲಿ ನಗು ತೋರಿಸದೆ.

"ಹೂಂ ಮತ್ತೆ" ಎಂದಳು ಅಮ್ಮ.

ಅನ್ವರನಿಗೂ ವಿಷಯ ವಿವರಿಸಿದೆವು. ಅವನು ಗಂಭೀರವಾಗಿ ಕೇಳಿ, "ಹಾಗಾದ್ರೆ ನನಗಿಂತ ಮೊದ್ಲೇ ಇನ್ನೊಬ್ರು ಡಾಕ್ಟ್ರು ನೋಡಿದಾರೆ. ನೀವು ಹೇಳಿದ ವಾಲ್ವ್ ಮಾತ್ರ ಗಟ್ಟಿಯಾಗಿದೆ ಸಾರ್" ಎಂದ. ಅವನನ್ನು ಕಾಫಿ ಕುಡಿಯದೆ ಹೋಗಬಾರದೆಂದು ಅಮ್ಮ ಕೂರಿಸಿದಳು. ತನ್ನ ಪೂಜೆ ಮುಗಿಯಲಿ, ಜೊತೆಯಲ್ಲೇ ಕುಡಿಯೋಣ ಎಂದಳು. ಮಂಗಳ ಹಾಲು ಕಾಯಲಿಟ್ಟು, ಹೂವು ತರಲು ಹೊರಗೆ ಹೋದಳು. ಅಮ್ಮ ಮೈಮೇಲೆ ನೀರು ಹಾಕಿಕೊಂಡು ಬಂದು, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕಣ್ಣುಮುಚ್ಚಿ ಕುಳಿತಳು. ಮಗುವೂ ಪಕ್ಕದಲ್ಲಿ ಅಂಗೈ ಚಾಚಿ, ಅದರ ಮೇಲೊಂದು ಪುರಿ ಇಟ್ಟುಕೊಂಡು, ಒಂದು ಕಣ್ಣು ಮಾತ್ರ ಮುಚ್ಚಿಕೊಂಡು ಕುಳಿತಿತು.

ಆಗ ನಾನು ನೋಡಿದೆ. ಸ್ಟವ್ವಿನ ಮೇಲೆ ಹಾಲು ಏರುತ್ತಿತ್ತು.

"ಅಮ್ಮಾ, ಹಾ..." ಎಂದು ಬಾಯಿ ತೆರೆದವನು, ಅವಳ ಅಂಗೈಯನ್ನು ಕಂಡು ಬಾಯಿ ಮುಚ್ಚಿದೆ. ಎದ್ದೆ. ಮೂರೇ ಹೆಜ್ಜೆ. ಪಾತ್ರೆಯನ್ನು ಎರಡೂ ಕೈಯಿಂದ ಹಿಡಿದು ಕೆಳಗಿಳಿಸಿದೆ. ಹಾಲು ಉಳಿಯಿತು. ಬಿಸಿ ಪಾತ್ರೆ ಇಳಿಸಲು ಮಸಿಬಟ್ಟೆ ಎಂಬುದೊಂದು ಬೇಕು ಎಂದು ಆಮೇಲೆ ಹೊಳೆಯಿತು. ಅಷ್ಟು ವರ್ಷ ಆ ಅಡುಗೆಮನೆಯನ್ನು ಅಷ್ಟು ಗಮನವಿಟ್ಟು ನೋಡಿದ್ದರೂ ಈ ಅಂಶ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನನ್ನ ಕೂಗಿಗೆ ಎಲ್ಲರೂ ತಿರುಗಿದರು. ನಾನು ಬೆರಳು ಊದಿಕೊಳ್ಳುತ್ತಿದ್ದಂತೆ ಅಮ್ಮನ ಪೂಜೆ ಮುಗಿಯಿತು. ಲಿಂಗ ಕರಡಿಗೆಗೆ, ಕರಡಿಗೆ ಹೊಸ ದಾರಕ್ಕೆ, ದಾರ ಕೊರಳಿಗೆ ಬಂತು. ಮಗು ನನ್ನ ಹತ್ತಿರ ಬಂದು, ಕೆಂಪಾದ ಬೆರಳುಗಳನ್ನು ಒಂದೊಂದಾಗಿ ಪರೀಕ್ಷಿಸಿ, "ಉವ್ವಾ" ಎಂದು ನಿರ್ಣಯಿಸಿತು. ನೇರವಾಗಿ ಅಜ್ಜಿಯ ಬಳಿ ಹೋಗಿ ಕರಡಿಗೆಗೆ ಕೈ ಚಾಚಿತು.

ಅಮ್ಮ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಇನ್ನೊಂದು ಕೈಯಿಂದ ಲೋಟ ಎತ್ತಿ, ದಿನದ ಮೊದಲ ಗುಟುಕು ನೀರು ಕುಡಿದಳು. ನಿಧಾನವಾಗಿ ಕುಡಿದು ಲೋಟವನ್ನು ಕೆಳಗಿಟ್ಟು ಹೇಳಿದಳು:

"ನಿಮ್ಮಪ್ಪಂಗೆ ಇದೆಲ್ಲ ಬೇಡ ಕಣವ್ವ. ತಣ್ಣೀರು ಸಾಕು."